ಟಟಲ್ ಮನೆಯ ಬೆಣ್ಣೆ ಡಬ್ಬಿ

ಅಯೋವಾದ ಆ ಊರಿನಲ್ಲಿ ಬೆಣ್ಣೆ ಮುಗಿದರೂ ಬೆಣ್ಣೆ ಡಬ್ಬಿಗೆ ಸಾವಿಲ್ಲ. ಟಟಲ್ ಮನೆಯ ಫ್ರಿಜ್ಜಿನ ತುಂಬ ಹಳದಿ ಡಬ್ಬಿಗಳೇ. ಒಂದರಲ್ಲಿ ಸೂಪು, ಒಂದರಲ್ಲಿ ಬೀನ್ಸು. ಬೆಣ್ಣೆ ಮಾತ್ರ ಯಾವುದರಲ್ಲೂ ಇಲ್ಲ. ಹಾಗಾಗಿ ನಿನ್ನೆ ರಾತ್ರಿ ಆ ಮನೆಯ ಸೊಸೆ ವರ್ನಾ ತಾನು ಹಿಡಿದ ರೆಕ್ಕೆಯ ಹುಳಗಳನ್ನು ಅಂಥದೇ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಟ್ಟದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಚಳಿಗೆ ಹುಳ ನೋವಿಲ್ಲದೆ ಸಾಯುತ್ತದೆ. ಇವತ್ತು ಮಧ್ಯಾಹ್ನ ಕಮ್ಯುನಿಟಿ ಕಾಲೇಜಿನಲ್ಲಿ ಅವನ್ನು ಸೂಜಿಯಿಂದ ಹಲಗೆಗೆ ಚುಚ್ಚಿ ಒಪ್ಪಿಸಬೇಕು. ತಪ್ಪಿದರೆ ವಿಶ್ವವಿದ್ಯಾಲಯದ ಕೀಟ ವಿಭಾಗದ ಸೀಟಿಗೆ ಎಳ್ಳುನೀರು.

ಬೆಳಗಿನ ಶಾಲಾ ಬಸ್ಸು ಓಡಿಸಿ ಮನೆಗೆ ಬಂದರೆ ಫ್ರೀಜರ್ ಖಾಲಿ! ಅತ್ತೆ ಒಪಲ್ ಕೂಡ ಇಲ್ಲ. ಇವತ್ತು ಚರ್ಚಿನಲ್ಲಿ ಎಲ್ಲರೂ ಅಡುಗೆ ತಂದು ಹಂಚಿಕೊಂಡು ಉಣ್ಣುವ ದಿನ. ವರ್ನಾ ಬಂದ ಕಾಲಲ್ಲೇ ಓಡಿದಳು.

ಅವಳು ಚರ್ಚಿನ ಹಾಲಿಗೆ ನುಗ್ಗಿದ್ದೇ ತಡ, ಪಕ್ಕದ ಮನೆಯ ಡ್ವೇನ್ ಪ್ಯಾಂಟು ಮೇಲೆತ್ತಿದ.

"ಬಂದ್ಲು ನಮ್ಮ ನರ್ಸಮ್ಮ! ಈ ಮೊಣಕಾಲು ಸ್ವಲ್ಪ ನೋಡವ್ವ."

"ಡ್ವೇನಣ್ಣ, ನಿಮಗೆ ಆರು ಕಾಲಿದ್ದಿದ್ರೆ ನೋಡ್ತಿದ್ದೆ. ಅತ್ತೇ, ಫ್ರೀಜರಲ್ಲಿದ್ದ ಡಬ್ಬಿ ಎಲ್ಲಿ?"

"ಮೇಜಿನ ಮೇಲಿದೆ, ಹೆಸರು ಅಂಟಿಸಿದೀನಿ ನೋಡು. ಪೀಚ್ ಐಸ್‌ಕ್ರೀಂ ತಾನೇ?" ಎಂದಳು ಒಪಲ್. "ಅದಿರಲಿ, ನರ್ಸಿಂಗಿಗೆ ಅರ್ಜಿ ಹಾಕಿದ್ಯಾ? ಬಯಾಲಜಿ ಓದಿ ನರ್ಸ್ ಆಗ್ದೆ ಇನ್ನೇನಾಗ್ತೀಯ?"

"ಹಲ್ಲು ಕ್ಲೀನ್ ಮಾಡೋ ಕೆಲಸನೂ ಚೆನ್ನಾಗಿದೆಯಂತೆ," ಎಂದಳು ಪಾದ್ರಿಯ ಹೆಂಡತಿ. "ಹುಳ ನೋಡೋರಿಗೆ ಸಂಬಳ ಕೊಡೋರ್ಯಾರು?"

"ಜೋಳಕ್ಕೆ ಹುಳ ಬಿದ್ದಾಗ ಯಾರ ಬಾಗಿಲಿಗೆ ಓಡ್ತೀರ? ನರ್ಸ್ ಬಾಗಿಲಿಗಾ?" ವರ್ನಾಳ ದನಿ ಸೂರಿಗೆ ಬಡಿಯಿತು. "ಕೇಳ್ಕೊಳ್ಳಿ ಎಲ್ರೂ! ನಾನು ಬಿ.ಪಿ. ನೋಡಲ್ಲ, ರಕ್ತ ತೆಗೆಯಲ್ಲ, ಯಾರ ಬಾಯಿಗೂ ಕೈ ಹಾಕಲ್ಲ. ಈ ವಯಸ್ಸಲ್ಲಿ ಓದೋಕೆ ಕೂತಿರೋದು ನನ್ನಿಷ್ಟಕ್ಕೆ. ಇನ್ಮೇಲೆ ನನ್ನ ನರ್ಸ್ ಅಂದೋರ ಹಾಸಿಗೇಲಿ ಜಿರಳೆ ಬಿಡ್ತೀನಿ!"

ಡ್ವೇನನ ಚಮಚ ಬಾಯಲ್ಲೇ ನಿಂತಿತು. 'ಟಟಲ್' ಎಂದು ಟೇಪು ಅಂಟಿಸಿದ್ದ ಹಳದಿ ಡಬ್ಬಿಯನ್ನು ಎತ್ತಿಕೊಂಡು, ಕೋಟೆ ಗೆದ್ದ ಸೇನಾಪತಿಯಂತೆ ವರ್ನಾ ಹೊರನಡೆದಳು. ಡಬ್ಬಿ ಯಾಕೋ ಭಾರವಾಗಿತ್ತು. ಗೆಲುವಿನ ಭಾರವಿರಬೇಕು ಎಂದುಕೊಂಡಳು.

ಕಾಲೇಜಿನಲ್ಲಿ ಬಯಾಲಜಿ ಕಲಿಸುವ ಬರ್ಗಮ್ ಮೇಡಂ ಕನ್ನಡಕ ಏರಿಸಿ ಮುಚ್ಚಳ ತೆಗೆದರು. ಬಹಳ ಹೊತ್ತು ನೋಡಿದರು.

"ವರ್ನಾ, ಇದು ಯಾವ ಜಾತಿ ಹುಳ?"

ಆಲೂಗಡ್ಡೆ ಸಲಾಡು! ಮೇಲೆ ದುಂಡಗೆ ಹೆಚ್ಚಿದ ಮೊಟ್ಟೆ. ಒಪಲ್ ಟೇಪಿನ ವಿಷಯದಲ್ಲಿ ಜಿಪುಣಿಯಲ್ಲ. ತಾನು ತಂದ ಎರಡು ಡಬ್ಬಿಗೂ ಮನೆತನದ ಹೆಸರು ಅಂಟಿಸಿದ್ದಳು.

"ಹುಳ ಚರ್ಚಲ್ಲೇ ಉಳೀತು ಮೇಡಂ..."

"ಫ್ರೀಜರಲ್ಲಿ ಎಷ್ಟು ದಿನ ಇಟ್ಟಿದ್ರಿ?"

"ನಿನ್ನೆ ರಾತ್ರಿ ಇಟ್ಟಿದ್ದು."

"ಅಷ್ಟೇನಾ? ಹಾಗಿದ್ರೆ ಅವು ಸತ್ತಿರಲ್ಲ ರೀ, ನಿದ್ದೆ ಹೋಗಿರ್ತವೆ. ಸ್ವಲ್ಪ ಬೆಚ್ಚಗಾಯ್ತು ಅಂದ್ರೆ..."

ಫೋನು ಹೊಡೆದುಕೊಂಡಿತು. ಒಪಲ್.

"ವರ್ನಾ! ಪಾದ್ರಿ ಹೆಂಡ್ತಿ ಮುಚ್ಚಳ ತೆಗೆದ್ಲು, ಐಸ್‌ಕ್ರೀಂ ಎದ್ದು ಹಾರಾಡ್ತಿದೆ! ಅವಳು ಮೂರ್ಛೆ ಹೋದ್ಲು! ಡ್ವೇನ್ ಮೇಜು ಹತ್ತಿ ಬಿದ್ದ, ಇನ್ನೊಂದು ಮೊಣಕಾಲೂ ಹೋಯ್ತು!"

"ಬಾಗಿಲು ಹಾಕಿ ಅತ್ತೇ! ಯಾರೂ ಒಂದನ್ನೂ ತುಳೀಬೇಡಿ! ಬಂದೆ!" ವರ್ನಾ ಗೋಡೆಗೆ ತೂಗುಹಾಕಿದ್ದ ಹುಳ ಹಿಡಿಯುವ ಬಲೆ ಕಿತ್ತುಕೊಂಡು ಓಡಿದಳು.

ಕಿವಿಗಂಟಿದ ಫೋನಿನಲ್ಲಿ ಚರ್ಚಿನ ಗಲಾಟೆಯನ್ನೂ ಮೀರಿ ಅತ್ತೆಯ ಹಿಗ್ಗಿದ ದನಿ ಕೇಳಿಸಿತು:

"ಹೆದರ್ಬೇಡ್ರಪ್ಪೋ! ನಮ್ಮ ನರ್ಸ್ ಬರ್ತಿದಾಳೆ!"