ಹಪ್ಪಳಕ್ಕಾಗಿ ಲಾರಿ ತಡೆದದ್ದು

ಗ್ರಾಹಕ ಹಿತರಕ್ಷಣಾ ವೇದಿಕೆಯ ಅಧ್ಯಕ್ಷನಾದ ನಾನು ರಸ್ತೆಯಲ್ಲಿ ಒಂದು ಅದಿರು ಲಾರಿ ತಡೆದರೆ ಸಾಕು, ಗಣಿ ಕಂಪನಿಯೇ ಬಂದು ಕೈಮುಗಿಯುತ್ತದೆ ಎಂದು ಪ್ರಾಮಾಣಿಕವಾಗಿ ನಂಬಿದ್ದೆ.

ಕಾರಣ ಸಣ್ಣದಲ್ಲ. ಹೆಂಡತಿ ಶಾಂತವ್ವನಿಗೆ ಕಂಪ್ಲಿಯ ಮದುವೆಮನೆಯಿಂದ ಹಪ್ಪಳದ ಮೊದಲ ದೊಡ್ಡ ಆರ್ಡರ್ ಬಂದಿತ್ತು. ಹೊಸಪೇಟೆಯ ನಮ್ಮ ಮನೆ ರಸ್ತೆಗೆ ಅಂಟಿಕೊಂಡಿದೆ. ಸಂಡೂರಿನ ಗಣಿಯ ಲಾರಿಗಳು ಅದಿರಿನ ಮೇಲೆ ತಾಡಪತ್ರಿ ಹೊದಿಸದೆ ಓಡುತ್ತಿದ್ದವು. ಮಾಳಿಗೆಯಲ್ಲಿ ಏನು ಒಣಹಾಕಿದರೂ ಕೆಂಪು ಧೂಳು.

"ಹಪ್ಪಳದ ಮ್ಯಾಲ ತೆಳ್ಳನ ಬಟ್ಟಿ ಹಾಕೀನಿ. ನೀವು ಸುಮ್ನ ಕುಂದ್ರಿ," ಎಂದಳು.

"ಹಕ್ಕು ಅನ್ನೋದು ಕೇಳಿ ಪಡೀಬೇಕು, ಶಾಂತಾ," ಎಂದು ಬೀದಿಗಿಳಿದೆ.

ಜೊತೆಗೆ ನಿಲ್ಲುತ್ತೇನೆಂದಿದ್ದ ಎದುರುಮನೆ ಬಸಣ್ಣ ಲಾರಿಗಳನ್ನು ನೋಡಿ ಮೆಲ್ಲಗೆ ಹಿಂದೆ ಸರಿದ. "ಆ ಎರಡನೇದು ನಂದ್ರಿ. ಕಂಪನಿಗೆ ಬಾಡಿಗಿಗೆ ಬಿಟ್ಟೀನಿ. ನೀವು ಮುಂದುವರಿಸ್ರಿ, ನಮ್ಮ ಬೆಂಬಲ ಐತಿ."

ಮೊದಲ ಲಾರಿಯವ ಇಂಜಿನ್ ಗುರುಗುಟ್ಟಿಸುತ್ತ ಬಂಪರನ್ನು ನನ್ನ ಹೊಟ್ಟೆಯ ತನಕ ತಂದ. ಓಡಿಬಿಡೋಣ ಎನ್ನಿಸಿತು. ಆದರೆ ಇಡೀ ಬೀದಿ ನೋಡುತ್ತಿತ್ತು, ಹಾಗಾಗಿ ಸರಿಯಲಿಲ್ಲ. ಹಿಂದೆ ಲಾರಿಗಳ ಸಾಲು ಬೆಳೆಯಿತು.

ಮಧ್ಯಾಹ್ನ ಗಾಳಿ ಎದ್ದಿತು. ಆಗ ಹೊಳೆಯಿತು: ಹಾದುಹೋಗುತ್ತಿದ್ದ ಧೂಳನ್ನೆಲ್ಲ ನಾನೇ ನಮ್ಮ ಮನೆಮುಂದೆ ಸಾಲಾಗಿ ನಿಲ್ಲಿಸಿದ್ದೆ!

ಮಾಳಿಗೆಯಿಂದ ಶಾಂತವ್ವನ ದನಿ ಬಂತು. "ರೀ, ಹೋರಾಟ ಮುಗೀತೇನ್ರಿ? ಬಟ್ಟಿ ಹಾರಿಹೋತು. ಹಪ್ಪಳಕ್ಕೆಲ್ಲ ಕೆಂಪು ಧೂಳು ಹತ್ತೇತಿ, ಒಂದೂ ಉಳೀಲಿಲ್ಲ."

ಅಷ್ಟರಲ್ಲಿ ಕಾರಿನಿಂದ ಇಳಿದ ಕಂಪನಿಯ ಅಧಿಕಾರಿ ಅವಳ ಮಾತು ಕೇಳಿ ನಕ್ಕರು. "ದಾರಿ ಬಿಡ್ರಿ ಸರ್. ಹಪ್ಪಳ ಅಷ್ಟೂ ನಮ್ಮ ಕ್ಯಾಂಟೀನಿಗೆ ತಗೋತೀವಿ. ಕೂಲಿಯವ್ರು ತಿಂತಾರ."

"ಆಗ್ಲಿ ಸರ್," ಎಂದಿತು ಗ್ರಾಹಕ ಹಿತರಕ್ಷಣಾ ವೇದಿಕೆ. ಪಕ್ಕಕ್ಕೂ ಸರಿದು ನಿಂತಿತು.

ಶಾಂತವ್ವ ಮೊರದ ಸಮೇತ ಇಳಿದು ಬಂದಳು. "ಸಾಹೇಬ್ರ, ದುಡಿಯೋರ ಬಾಯಿಗೆ ಮಣ್ಣು ಹಾಕಾಕ ನಾ ಹಪ್ಪಳ ಮಾಡಿಲ್ರಿ. ಲಾರಿಗೆ ತಾಡಪತ್ರಿ ಹೊದಿಸ್ರಿ, ಅಷ್ಟು ಸಾಕು." ಎಲ್ಲರೆದುರು ಹಪ್ಪಳವನ್ನು ತಿಪ್ಪೆಗೆ ಸುರಿದಳು. ನನಗೆ ಮುಖ ಎತ್ತಲಾಗಲಿಲ್ಲ.

"ನೋಡೋಣ್ರಿ," ಎಂದು ಅಧಿಕಾರಿ ಹೊರಟರು. ಲಾರಿಗಳೂ ಹೊರಟವು, ಬರೀ ಮೈಯಲ್ಲೇ.

ಸಂಜೆ ವೇದಿಕೆಯ ಸದಸ್ಯರಿಬ್ಬರು ಬಂದು, ಅಧ್ಯಕ್ಷಗಿರಿ ಶಾಂತವ್ವನಿಗೇ ಕೊಡೋಣ ಎಂದರು. ಅವಳು ಒಳಮನೆಯಲ್ಲಿ ಮತ್ತೆ ಉದ್ದಿನ ಹಿಟ್ಟು ನಾದುತ್ತಿದ್ದಳು.

"ನನಗ ಕೆಲಸ ಐತ್ರಿ. ಅದು ಇವ್ರಿಗೇ ಇರ್ಲಿ. ಇವ್ರಿಗೆ ಬ್ಯಾರೆ ಏನೂ ಬರಂಗಿಲ್ಲ."

ಹೀಗೆ ನಾನು ಅವಿರೋಧವಾಗಿ ಮರು ಆಯ್ಕೆಯಾದೆ.