ಅಂಬಿಗ ಕುವಾಂಗರ ಸಾವಿಗೆ ಸರಿಯುತ್ತರ

ನಮ್ಮ ಜಿಲ್ಲೆಯ ನಿವೃತ್ತ ಅಂಬಿಗ ಕುವಾಂಗ್ ದೆಶೌ ಅವರು ಹಿರಿಯ ಪ್ರೌಢಶಾಲೆಗಳ ಇಂಗ್ಲಿಷ್ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ, ಎರಡನೆಯ ಗದ್ಯಭಾಗದ ನಾಲ್ಕನೆಯ ಪ್ಯಾರಾದಲ್ಲಿ ನಿಧನರಾದರು.

ಮರುದಿನ ಬೆಳಿಗ್ಗೆ ಅವರು ಎಂದಿನಂತೆ ಪೇಟೆಗೆ ಹೋಗಿ ಬಿಸಿ ಸೋಯಾ ಹಾಲು ಕುಡಿದು ಬಂದರು. ಸುದ್ದಿ ಅವರಿಗಿನ್ನೂ ತಲುಪಿರಲಿಲ್ಲ.

ಗದ್ಯಭಾಗ ಬರೆದವರು ಜಿಲ್ಲಾ ಶಿಕ್ಷಣ ಕಚೇರಿಯ ಮಿಯಾವ್ ಸಾಹೇಬರು. ಅವರಿಗೆ ದುರುದ್ದೇಶವೇನೂ ಇರಲಿಲ್ಲ. ಗದ್ಯಭಾಗವು ಮನಕಲಕುವಂತಿರಬೇಕೆಂಬುದು ನಿಯಮ; ಹೊಳೆಗೆ ಸೇತುವೆ ಬಂದ ಮೇಲೂ ಆರಾಮವಾಗಿರುವ ಅಂಬಿಗನಿಂದ ಯಾರ ಮನಸ್ಸೂ ಕಲಕುವುದಿಲ್ಲ. ಕೆಳಗಿನ ಪ್ರಶ್ನೆ ಹೀಗಿತ್ತು: ‘ಅಂಬಿಗನು ಏಕೆ ಸತ್ತನು? ಎ. ವಯಸ್ಸಾಗಿ. ಬಿ. ನೆಗಡಿಯಿಂದ. ಸಿ. ಸೇತುವೆ ತಂದ ಒಂಟಿತನದಿಂದ. ಡಿ. ಸಾಯಲಿಲ್ಲ.’

ಸರಿಯುತ್ತರ ಸಿ. ಇಡೀ ಜಿಲ್ಲೆಯಲ್ಲಿ ಡಿ ಎಂದು ಬರೆದವಳು ಒಬ್ಬಳೇ, ಅಂಬಿಗರ ಮೊಮ್ಮಗಳು ಯಿಂಗ್. ಅವಳ ಇಂಗ್ಲಿಷ್ ಮೇಷ್ಟ್ರಾದ ನಾನು ನಿಯಮದಂತೆ ಅಂಕ ಕಳೆದೆ. ಅದರಿಂದಾಗಿ ಅವಳು ಜಾಣರ ತರಗತಿಯಿಂದ ಸಾಮಾನ್ಯ ತರಗತಿಗೆ ಬಿದ್ದಳು.

“ಮೇಷ್ಟ್ರೇ, ಇವತ್ತು ಬೆಳಿಗ್ಗೆ ನನ್ನ ಸೈಕಲ್ಲಿಗೆ ಗಾಳಿ ಹೊಡೆದುಕೊಟ್ಟಿದ್ದೇ ನಮ್ಮ ತಾತ!” ಎಂದು ಅತ್ತಳು.

“ಅದು ಪ್ಯಾರಾದಲ್ಲಿ ಇದೆಯೇನಮ್ಮಾ?” ಎಂದೆ.

ಇರಲಿಲ್ಲ.

ಸುದ್ದಿ ತಿಳಿದ ಅಂಬಿಗರು ನನ್ನನ್ನೂ ಎಳೆದುಕೊಂಡು ಕಚೇರಿಗೆ ನಡೆದರು.

“ನೋಡಿ ಸಾಹೇಬ್ರೇ, ಬದುಕಿದೀನಿ. ಬೇಕಾದ್ರೆ ನಾಡಿ ಹಿಡಿದು ನೋಡಿ.”

ಮಿಯಾವ್ ಸಾಹೇಬರು ಆದರದಿಂದ ಕುಡಿಯಲು ಬಿಸಿನೀರು ಕೊಟ್ಟರು. “ತಾತ, ಗದ್ಯಭಾಗದಲ್ಲಿ ಇರೋದನ್ನಷ್ಟೇ ನೋಡಿ ಉತ್ತರ ಬರೀಬೇಕು. ಹೊರಗಿನ ಮಾಹಿತಿ ಪರಿಗಣಿಸೋ ಹಾಗಿಲ್ಲ.”

“ನಾನು ಹೊರಗಿನ ಮಾಹಿತಿನಾ?”

“ಹೌದು.”

“ಮತ್ತೆ ಆ ಡಿ ಯಾಕೆ ಇಟ್ರಿ?”

“ಗಮನ ಕೊಡದ ಮಕ್ಕಳನ್ನ ಹಿಡಿಯೋಕೆ.”

ಅಂಬಿಗರಿಗೆ ರೇಗಿತು. “ನನ್ನ ಒಂಟಿತನ ಯಾವನಯ್ಯಾ ನೋಡಿದ್ದು? ದಿನಾ ಮಧ್ಯಾಹ್ನ ಗೆಳೆಯರ ಜತೆ ಮಜಾಂಗ್ ಆಡ್ತೀನಿ. ಮನೆಗೆ ಹೋದ್ರೆ ಮುದುಕಿ ಬಾಯಿ ಮುಚ್ಚಲ್ಲ. ಒಂಟಿತನ ಎಲ್ಲಾದ್ರೂ ಸಿಕ್ರೆ ನಂಗೂ ಸ್ವಲ್ಪ ಕೊಡಿ!”

“ಹೀಗೆ ನಗಿಸಿ ನೋವು ಮುಚ್ಚಿಡೋದೇ ಅದರ ಲಕ್ಷಣ, ತಾತ. ಮೂರನೇ ಪ್ಯಾರಾ, ಕೊನೇ ಸಾಲು.”

ಆ ವಾರವೇ ಪ್ರಕಟಣೆ ಹೊರಬಿತ್ತು: ‘ಸರಿಯುತ್ತರವು ಸಿ ಆಗಿಯೇ ಮುಂದುವರಿಯತಕ್ಕದ್ದು. ಸದರಿ ಅಂಬಿಗರು ಬದುಕಿರುವ ವಿಷಯವು ಪಠ್ಯಕ್ರಮದಲ್ಲಿ ಸೇರಿಲ್ಲದ ಕಾರಣ, ಅವರು ಪರೀಕ್ಷಾರ್ಥಿಗಳ ಕಣ್ಣಿಗೆ ಬಿದ್ದು ಗೊಂದಲ ಉಂಟುಮಾಡತಕ್ಕದ್ದಲ್ಲ. ಅವರು ಸಹಕರಿಸಿದಲ್ಲಿ ಮೊಮ್ಮಗಳಿಗೆ ಮರುಪರೀಕ್ಷೆಯ ಅವಕಾಶವಿರುತ್ತದೆ.’

ಅಂಬಿಗರು ಪ್ರಕಟಣೆಯನ್ನು ನನ್ನಿಂದ ಎರಡು ಸಲ ಓದಿಸಿಕೊಂಡರು. ಆಮೇಲೆ ನನ್ನನ್ನು ಕೇಳಿದರು: “ಸಿ ಅಂತ ಬರೆದ್ರೆ ಹುಡುಗಿ ಹಳೇ ತರಗತಿಗೆ ವಾಪಸ್ ಹೋಗ್ತಾಳಾ?”

“ಹೋಗ್ತಾಳೆ.”

ಅವರು ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಮ್ಮ ಸಾವನ್ನು ಪ್ಯಾರಾ ಪ್ಯಾರಾ ಬಿಡಿಸಿ ಕಲಿಸಿದರು. ಅವಳು ಪೆನ್ಸಿಲ್ ಎಸೆದಳು. “ನನ್ನ ಕೈಲಿ ಬರೆಯಕ್ಕಾಗಲ್ಲ ತಾತ.”

“ಬರಿ ಮಗಾ. ಸತ್ತಿರೋನೇ ಹೇಳ್ತಿದೀನಲ್ಲ, ಸಿ!”

ಯಿಂಗ್ ಬರೆದಳು. ಪೂರ್ಣ ಅಂಕ ಬಂತು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಛಿಂಗ್‌ಮಿಂಗ್ ಹಬ್ಬದಂದು, ಹಿರಿಯರ ಸಮಾಧಿಗಳಿಗೆ ಹೋಗಿಬಂದ ಮೇಲೆ, ನಮ್ಮ ಶಾಲೆಯ ಮಕ್ಕಳು ಗದ್ಯಭಾಗದ ಅಂಬಿಗರಿಗೆ ಶ್ರದ್ಧಾಂಜಲಿಯೆಂದು ಬಿಳಿ ಸೇವಂತಿಗೆ ಹಿಡಿದು ಹೊಳೆದಂಡೆಯಲ್ಲಿ ಸಾಲಾಗಿ ನಿಂತರು. ಅಂಬಿಗರ ಫೋಟೋಗೆ ಎಲ್ಲರೂ ಬಾಗಿದರು. ಪ್ರಕಟಣೆಗೆ ಗೌರವ ಕೊಟ್ಟು ಟೋಪಿಯನ್ನು ಮೂಗಿನವರೆಗೂ ಎಳೆದುಕೊಂಡು ಬಂದಿದ್ದ ಅಂಬಿಗರೂ ಹಿಂದಿನ ಸಾಲಿನಲ್ಲಿ ಬಾಗಿದರು. ಅವರ ಹೆಂಡತಿ ಹಸಿರು ಅಕ್ಕಿಕಡುಬಿನ ತಟ್ಟೆ ತಂದರು. ಹಸಿದಿದ್ದ ಅಂಬಿಗರು ಒಂದಕ್ಕೆ ಕೈ ಚಾಚಿದರು.

ಆಕೆ ಫಟ್ಟನೆ ಕೈಗೆ ಹೊಡೆದರು. “ಕೈ ತೆಗೀರಿ! ಮೊದ್ಲು ಫೋಟೋದಲ್ಲಿರೋರಿಗೆ.”

ಅಂಬಿಗರು ಕೈ ತೆಗೆದು ತಮ್ಮ ಸರದಿಗಾಗಿ ಕಾದರು.