ಡೆಂಟಿನಣ್ಣ ಕೆರೆಯದೆ ಬಿಟ್ಟ ಹಲ್ಲು

ಡೆಂಟಿನಣ್ಣನ ಹೊಟ್ಟೆಗೆ ಅವತ್ತು ಕಿಚ್ಚು ಬಿದ್ದದ್ದು ಮನೆಯಲ್ಲೇ. ಬೆಳಿಗ್ಗೆ ಹೆಂಡತಿ ತಾನು ಕಟ್ಟಿಸಿಕೊಂಡ ಹಲ್ಲನ್ನು ಪಕ್ಕದ ಮನೆಯಾಕೆಗೆ ತೋರಿಸುತ್ತ, "ಇವರ ಜೊತೆ ಕೆಲಸ ಮಾಡ್ತಾರಲ್ಲ ಪಾಲಿಶಣ್ಣ, ಅವರು ಮಾಡಿದ್ದು. ಹೇಗೆ ಹೊಳೆಯುತ್ತೆ ನೋಡಿ" ಅಂದಳು.

ಕೃತಕ ಹಲ್ಲು ತಯಾರಿಸುವ ಪುಟ್ಟ ಲ್ಯಾಬಿನಲ್ಲಿ ಹಲ್ಲಿನ ಒಳಭಾಗ, ಅಂದರೆ ಡೆಂಟಿನ್, ಕಟ್ಟುವುದು ಡೆಂಟಿನಣ್ಣನ ಕೆಲಸ. ನಿಜವಾದ ಹಲ್ಲಿನಲ್ಲೂ ಹೆಚ್ಚು ಪಾಲು ಆ ಹಳದಿ ಗಟ್ಟಿ ಡೆಂಟಿನ್ನೇ. ಇವನು ಪಿಂಗಾಣಿ ಪುಡಿ ಕಲಸಿ, ಕುಂಚದಲ್ಲಿ ಮೆತ್ತಿ ಇಡೀ ಹಲ್ಲು ಕಟ್ಟಬೇಕು. ಆಮೇಲೆ ಮೇಲಿಂದ ಒಂದಿಷ್ಟು ಕೆರೆದು ಜಾಗ ಬಿಡಬೇಕು. ಅಲ್ಲಿ ಪಾಲಿಶಣ್ಣ ಉಗುರಿನಷ್ಟು ತೆಳ್ಳಗೆ ಎನಾಮಲ್, ಅಂದರೆ ಹೊಳೆಯುವ ಹೊರಪದರ, ಬಳಿದು, ಕೊನೆಗೆ ಮುಟ್ಟಿದವನೆಂದು ಚೀಟಿಗೆ ಸಹಿ ಹಾಕುತ್ತಾನೆ. ಹೊಗಳಿಕೆಯೆಲ್ಲ ಸಹಿಗೆ. ಸಾಲದ್ದಕ್ಕೆ, ಅವತ್ತು ಸಂಜೆ ಮಾಲೀಕರು ಇಬ್ಬರಲ್ಲಿ ಒಬ್ಬನನ್ನು ಮೇಸ್ತ್ರಿ ಮಾಡುವವರಿದ್ದರು. ಮೇಸ್ತ್ರಿ ಕುರ್ಚಿಗೆ ಪಾಲಿಶಣ್ಣ ಆಗಲೇ ದಿಂಬು ಕೊಂಡಿದ್ದಾನೆಂಬ ಸುದ್ದಿಯನ್ನು ಮೇಣದ ಅಚ್ಚು ಮಾಡುವ ಅಕ್ಕ ತಂದು ಮುಟ್ಟಿಸಿದಳು.

ಡೆಂಟಿನಣ್ಣನಿಗೆ ತಡೆಯಲಾಗಲಿಲ್ಲ. ಕೈಯಲ್ಲಿದ್ದದ್ದು ಒಬ್ಬ ನಿವೃತ್ತ ಟೀಚರಮ್ಮನ ಮುಂದಿನ ಹಲ್ಲು. ಉಳಿದ ಹಲ್ಲುಗಳಿಗೆ ಹೊಂದುತ್ತಿಲ್ಲವೆಂದು ಡಾಕ್ಟರು ಎರಡು ಸಲ ವಾಪಸು ಕಳಿಸಿದ್ದು. ಕಟ್ಟಿದ, ಆದರೆ ಕೆರೆಯಲಿಲ್ಲ. ಪೂರ್ತಿ ಡೆಂಟಿನ್ನಿನ ಹಲ್ಲನ್ನು ಹಾಗೇ ಕುಲುಮೆಯಲ್ಲಿ ಸುಟ್ಟುಬಿಟ್ಟ. ಇನ್ನು ಎನಾಮಲ್ ಬಳಿದರೆ ಹಲ್ಲು ದಪ್ಪವಾಗಿ ಬಾಯಲ್ಲಿ ಕೂರುವುದಿಲ್ಲ, ಬಳಿಯದಿದ್ದರೆ ಹಳೇ ಗೋಡೆಯಂತೆ ಮಂಕು. ಎರಡರಲ್ಲೂ ಬೈಸಿಕೊಳ್ಳುವವನು ಸಹಿ ಹಾಕಿದವನೇ.

ಸಂಜೆಗೆ ಮುಂಚೆ ಕ್ಷೌರ ಮಾಡಿಸಿಕೊಳ್ಳುವ ಅವಸರದಲ್ಲಿದ್ದ ಪಾಲಿಶಣ್ಣ, ಪೂರ್ತಿ ಆಕಾರದಲ್ಲಿದ್ದ ಹಲ್ಲನ್ನು ಕಂಡು ತಾನು ಬಳಿದಾಗಿದೆ ಎಂದುಕೊಂಡ. ಸಹಿ ಹಾಕಿ ಕಳಿಸಿಯೂಬಿಟ್ಟ.

ಡೆಂಟಿನಣ್ಣನಿಗೆ ಊಟ ಸೇರಲಿಲ್ಲ. ಫೋನು ಬಡಿದುಕೊಂಡಾಗಲೆಲ್ಲ ಡಾಕ್ಟರ ದೂರೇ ಇರಬೇಕೆಂದು ಎದೆ ಹಿಗ್ಗುತ್ತಿತ್ತು. ನಾಲ್ಕು ಗಂಟೆಗೆ ಡಾಕ್ಟರು ಟೀಚರಮ್ಮನನ್ನೇ ಕರೆದುಕೊಂಡು ಬಂದರು. ಆಕೆ ಬಾಯಗಲಿಸಿ ನಕ್ಕರು. ಎಪ್ಪತ್ತು ವರ್ಷ ಸವೆದು ಎನಾಮಲ್ಲೆಲ್ಲ ಹೋಗಿ ಹಳದಿಯಾದ ಹಲ್ಲುಗಳ ನಡುವೆ ಹೊಸದು ಯಾವುದೆಂದು ಯಾರಿಗೂ ಗೊತ್ತಾಗಲಿಲ್ಲ.

"ನನ್ನದೇ ಹಲ್ಲು ವಾಪಸು ಬಂದ ಹಾಗಿದೆ. ಯಾರಪ್ಪ ಮಾಡಿದ್ದು?" ಎಂದರು ಆಕೆ.

ಮಾಲೀಕರು ಚೀಟಿ ನೋಡಿದರು. ಪಾಲಿಶಣ್ಣ ಹೊಸ ಕ್ಷೌರದ ತಲೆ ಬಾಗಿಸಿ ನಿಂತ.

ಡೆಂಟಿನಣ್ಣ ಮುಂದೆ ನುಗ್ಗಿದ. "ಸಾರ್, ಅದು ಪೂರ್ತಿ ನನ್ನ ಡೆಂಟಿನ್ನು. ಅವನು ಏನೂ ಬಳಿದಿಲ್ಲ."

"ಅದೇ ನೋಡಿ ದೊಡ್ಡತನ," ಎಂದು ಮಾಲೀಕರು ಪಾಲಿಶಣ್ಣನ ಬೆನ್ನು ತಟ್ಟಿದರು. "ಬಳಿಯೋದು ಯಾರಿಗಾದರೂ ಬರುತ್ತೆ. ಎಲ್ಲಿ ಬಳಿಯಬಾರದು ಅಂತ ಗೊತ್ತಿರಬೇಕು."

ಬೇಕೆಂದೇ ಕೆರೆಯದೆ ಬಿಟ್ಟೆ ಎಂದು ಹೇಳಿದರೆ ಇದ್ದ ಕೆಲಸವೂ ಹೋಗುತ್ತಿತ್ತು. ಡೆಂಟಿನಣ್ಣ ಕುಂಚ ತೊಳೆಯಲು ಹೋದ. ಐದು ಗಂಟೆಗೆ ಪಾಲಿಶಣ್ಣ ಮೇಸ್ತ್ರಿಯಾದ, ಐದೂ ಐದಕ್ಕೆ ಮೊದಲ ಅಪ್ಪಣೆ ಕೊಟ್ಟ:

"ಅಣ್ಣಾ, ಇನ್ಮೇಲೆ ಎನಾಮಲ್ಲೂ ನೀವೇ ಬಳಿದುಬಿಡಿ. ಎಲ್ಲಿ ಬಳಿಯಬಾರದು ಅಂತ ನಾನು ಕೂತ್ಕೊಂಡು ನೋಡ್ಕೊಳ್ತೀನಿ."